ಕಾನಾ ಊರಿನ ದ್ರಾಕ್ಷಾರಸವೂ ನಮ್ಮ ಊರುಗಳ ಶೆರೆಯೂ

ಅನಗವಾಡಿಯಿಂದ ಮೊದಲುಗೊಂಡು ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳ ವರೆಗೂ, ಇತ್ತ ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿ, ಧಾರವಾಡಗಳ ವರೆಗೂ ನಮ್ಮ ಹಳೆಯ ವಿದ್ಯಾರ್ಥಿನಿಯರು ಗೃಹಿಣಿಯರಾಗಿಯೂ ಶಿಕ್ಷಕಿಯರಾಗಿಯೂ ದಾದಿಯರಾಗಿಯೂ ನೆಲೆಸಿರುವರು. ಅವರು ಕಾಗದ ಬರೆದಾಗಲೂ ಶಾಲೆಯ ಉತ್ಸವಕ್ಕೆ ಬಂದಾಗಲೂ ನಮ್ಮ ಮುಂದೆ ಇಡುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರುಷ ವರುಷವೂ ತಪ್ಪದೆ ಬರುವದು. “ಕರ್ತನು ತಾನೇ ಕಾನಾ ಊರಿನ ಮದುವೆಯ ಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ್ದಾನೆ, ಇನ್ನು ನಮ್ಮನ್ನು ಬೇಡವೆನ್ನಲು ನೀನು ಯಾರು?” ಎಂದು ಮನೆಯ ಗಂಡಸರು ಕೇಳಿದರೆ ತಾವು ಏನು ಉತ್ತರ ಕೊಡಬೇಕೆಂಬದೇ ಆ ಪ್ರಶ್ನೆ. ಇದು ಬರಿಯ ಚರ್ಚೆಗಾಗಿ ಎತ್ತಿದ ಮಾತಲ್ಲ. ಬಟವಾಡೆಯ ದಿನ ಸಾಯಂಕಾಲ ಮನೆಗೆ ಬರಬೇಕಾದ ಹಣ ದಾರಿಯಲ್ಲಿಯೇ ಕರಗಿಹೋದಾಗ, ಮಕ್ಕಳ ಶಾಲೆಯ ಶುಲ್ಕಕ್ಕೆ ಕೊರಳ ಸರವು ಅಡವಿಗೆ ಹೋದಾಗ ಎದ್ದ ಮಾತಾಗಿದೆ. ಆದದರಿಂದ ಈ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕೆಂದು ಬಗೆದಿದ್ದೇವೆ.

ಉಪದೇಶಿಗಳಲ್ಲಿ ಕೆಲವರು ಇದಕ್ಕೆ ಸುಲಭವಾದ ಉತ್ತರವನ್ನು ಹೇಳಿಕೊಡುತ್ತಾರೆ. ಸತ್ಯವೇದದ ದ್ರಾಕ್ಷಾರಸವು ಅಮಲೇರಿಸುವ ಪಾನವಲ್ಲ, ಆಗಲೇ ಹಿಂಡಿದ ಹಣ್ಣಿನ ಸಿಹಿ ನೀರು ಮಾತ್ರ, ಎಂಬದೇ ಆ ಉತ್ತರ. ಕುಡಿತವನ್ನು ತಡೆಯಬೇಕೆಂಬ ಅವರ ಉದ್ದೇಶವು ಒಳ್ಳೆಯದು. ಆದರೆ ಉತ್ತರವು ನಿಜವಲ್ಲವೆಂದು ನಮ್ಮ ಅಭಿಪ್ರಾಯ. ನಿಜವಲ್ಲದ ಮಾತಿನ ಆಧಾರದ ಮೇಲೆ ಒಳ್ಳೆಯ ನಡತೆಯನ್ನು ನಿಲ್ಲಿಸಹೋದರೆ, ಆ ಮಾತು ಸುಳ್ಳೆಂದು ತಿಳಿದ ದಿನವೇ ನಡತೆಯೂ ಬಿದ್ದುಹೋಗುವದು. ಕಾಲೇಜು ಸೇರಿದ ಹುಡುಗರು ಎಷ್ಟೋ ಮಂದಿ ಹೀಗೆಯೇ ಬಿದ್ದದ್ದನ್ನು ಕಂಡಿದ್ದೇವೆ.

ಈ ಗೊಂದಲಕ್ಕೆ ನಮ್ಮ ಕನ್ನಡ ಶಬ್ದವೇ ಒಂದು ಕಾರಣವಾಗಿದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೈಹಚ್ಚಿದರು. 1830ರ ದಶಕದ ಆರಂಭದೊಳಗೆ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿತ್ತು. ಆ ಮೇಲೆ ಮಂಗಳೂರಿನ ಬಾಸೆಲ್ ಮಿಶನ್ನಿನವರೂ ಸತ್ಯವೇದ ಸಂಘದವರೂ ಅದನ್ನು ತಿದ್ದಿದರು. ಈಗ ನಮ್ಮ ಸಭೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಪ್ರತಿಯನ್ನು ತೆರೆದು ನೋಡಿದರೆ, ಯೋಹಾನನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ದ್ರಾಕ್ಷಾರಸವೆಂದು ಇದೆ. ಪೌಲನು ತಿಮೊಥೆಯನಿಗೆ ಹೊಟ್ಟೆಯ ಬೇನೆಗಾಗಿ ಸೂಚಿಸಿದ್ದೂ ದ್ರಾಕ್ಷಾರಸವೇ. ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಮತ್ತರಾಗಬಾರದೆಂದು ಹೇಳುವ ಸ್ಥಳದಲ್ಲಾದರೋ ಮದ್ಯವೆಂಬ ಶಬ್ದವು ಬಂದಿದೆ. ಓದುವವನು ಇವು ಎರಡು ಬೇರೆ ಬೇರೆ ಪಾನಗಳೆಂದು ತಿಳಿಯುವದು ಸಹಜವೇ. ಆದರೆ ಗ್ರೀಕ್ ಮೂಲದಲ್ಲಿ ಮೂರು ಕಡೆಗಳಲ್ಲಿಯೂ ಇರುವ ಶಬ್ದವು ಒಂದೇ, ಓಯಿನೊಸ್. ಹಳೇ ಒಡಂಬಡಿಕೆಯ ಇಬ್ರಿಯ ಭಾಷೆಯಲ್ಲಿ ಯಾಯಿನ್ ಎಂದು ಸಾಧಾರಣ ದ್ರಾಕ್ಷಾರಸಕ್ಕೂ, ತೀರೋಷ್ ಎಂದು ಹೊಸ ರಸಕ್ಕೂ, ಶೇಕಾರ್ ಎಂದು ಧಾನ್ಯ ಖರ್ಜೂರ ಮುಂತಾದವುಗಳಿಂದ ಮಾಡಿದ ಮದ್ಯಕ್ಕೂ ಹೆಸರುಗಳುಂಟು. ನೋಹನು ಕುಡಿದು ಬತ್ತಲೆಯಾಗಿ ಬಿದ್ದದ್ದು ಯಾಯಿನ್ ಎಂಬದರಿಂದಲೇ. ಮೆಲ್ಕಿಚೆದೆಕನು ಅಬ್ರಾಮನಿಗೆ ರೊಟ್ಟಿಯ ಸಂಗಡ ತಂದುಕೊಟ್ಟದ್ದೂ ಯಾಯಿನ್ ಎಂಬದನ್ನೇ.

ಭಾಷಾಂತರಕಾರರನ್ನು ನಾವು ನಿಂದಿಸುವದಿಲ್ಲ. ದ್ರಾಕ್ಷೆಯಿಂದ ಪಾನ ಮಾಡುವ ಪದ್ಧತಿಯೇ ಇಲ್ಲದ ಸೀಮೆಯಲ್ಲಿ ಅವರು ಯಾವ ಶಬ್ದವನ್ನು ಹಾಕಬೇಕಾಗಿತ್ತು? ಸಿಂದಿ, ಹೆಂಡ, ಶೆರೆ ಎಂಬ ಮಾತುಗಳಿಗೆ ಅಂಗಡಿಯ ವಾಸನೆ ಅಂಟಿಕೊಂಡಿತ್ತು. ಕರ್ತನ ಭೋಜನದ ಪಾತ್ರೆಯ ವಿಷಯದಲ್ಲಿ ಅವುಗಳನ್ನು ಬಳಸಿದ್ದರೆ ಕೇಳಿದವರು ಎದ್ದುಹೋಗುತ್ತಿದ್ದರು. ಹಾಗಾಗಿ ಶುದ್ಧವಾದ ಸಂಸ್ಕೃತ ಶಬ್ದವನ್ನು ಆರಿಸಿಕೊಂಡರು. ಆ ಶುದ್ಧತೆಯೇ ಮುಂದೆ ಇಂಥ ತರ್ಕಕ್ಕೆ ಎಡೆಗೊಟ್ಟಿತು.

ವಸ್ತುಸ್ಥಿತಿಯನ್ನು ನೋಡೋಣ. ದ್ರಾಕ್ಷೆಯ ಸಿಪ್ಪೆಯ ಮೇಲೆ ಸ್ವಭಾವವಾಗಿಯೇ ಹುಳಿಯೆಬ್ಬಿಸುವ ಸೂಕ್ಷ್ಮಜೀವಿಗಳು ಇರುತ್ತವೆ. ಬಿಸಿ ದೇಶದಲ್ಲಿ ಹಣ್ಣನ್ನು ತುಳಿದು ರಸ ತೆಗೆದ ಕೆಲವೇ ದಿನಗಳಲ್ಲಿ ಅದು ನೊರೆಗಟ್ಟಿ ಸಕ್ಕರೆಯ ಅಂಶವು ಮದ್ಯಸಾರವಾಗಿ ಮಾರ್ಪಡುತ್ತದೆ. ಪಲೆಸ್ತೀನದಲ್ಲಿ ದ್ರಾಕ್ಷೆಯ ಸುಗ್ಗಿಯು ಬೇಸಿಗೆಯ ಕೊನೆಗೆ; ಪಸ್ಕಹಬ್ಬವು ವಸಂತಕಾಲದಲ್ಲಿ. ನಡುವಿನ ಆರು ತಿಂಗಳ ವರೆಗೆ ರಸವನ್ನು ಹುಳಿಯದಂತೆ ಇಡುವದು ಸಾಧಾರಣ ಮನೆಗಳಿಗೆ ಅಸಾಧ್ಯವಾಗಿತ್ತು. ಕಾಯಿಸಿ ಮುಚ್ಚಿಟ್ಟು ರಸವನ್ನು ಕೆಡದಂತೆ ಉಳಿಸುವ ಕ್ರಮವನ್ನು, ಪಾಶ್ಚರ್ ಪಂಡಿತನ ಶೋಧದ ಆಧಾರದ ಮೇಲೆ, ಅಮೇರಿಕೆಯ ನ್ಯೂಜರ್ಸಿಯ ಥಾಮಸ್ ವೆಲ್ಚ್ ಎಂಬ ದಂತವೈದ್ಯನು ತನ್ನ ಸಭೆಯ ಪಾತ್ರೆಗೋಸ್ಕರ ಬಳಕೆಗೆ ತಂದದ್ದು 1869ರಲ್ಲಿ. ಮೊದಲನೆಯ ಶತಮಾನದ ಗಲಿಲಾಯದಲ್ಲಿ ಅದು ಎಲ್ಲಿಂದ ಬರಬೇಕು? ಕಾನಾದ ಪಾರುಪತ್ಯಗಾರನ ಮಾತನ್ನೂ ನೆನೆಯಿರಿ. ಜನರು ಸಾಕಷ್ಟು ಕುಡಿದ ಮೇಲೆ ಕೀಳು ತರದ್ದನ್ನು ಬಡಿಸುವದು ಲೋಕರೂಢಿಯೆಂದು ಅವನು ಮದಲಿಂಗನಿಗೆ ಹೇಳುತ್ತಾನೆ. ಅಮಲೇರದ ಪಾನದ ವಿಷಯದಲ್ಲಿ ಈ ಮಾತಿಗೆ ಅರ್ಥವೇ ಇಲ್ಲ. ಕೊರಿಂಥದಲ್ಲಿ ಕರ್ತನ ಭೋಜನಕ್ಕೆ ಕೂಡಿದಾಗ ಒಬ್ಬನು ಹಸಿದಿರಲು ಇನ್ನೊಬ್ಬನು ಅಮಲೇರಿದವನಾಗುತ್ತಾನೆಂದು ಪೌಲನು ಗದರಿಸಿದ್ದೂ ಬರಿಯ ಹಣ್ಣಿನ ನೀರಿಗಾಗಿ ಅಲ್ಲ.

ಕಾನಾದ ಅಳತೆಯನ್ನೂ ಮರೆಮಾಚಬೇಕಾದದ್ದಿಲ್ಲ. ಆರು ಕಲ್ಲಿನ ಬಾನೆಗಳು. ಒಂದೊಂದಕ್ಕೆ ಎರಡು ಮೂರು ಕೊಳಗ ಹಿಡಿಯುವವು. ಈಗಿನ ಲೆಕ್ಕದಲ್ಲಿ ಎಲ್ಲ ಕೂಡಿ ಸುಮಾರು 480 ಲೀಟರಿನಿಂದ 720 ಲೀಟರಿನ ವರೆಗೆ ಆಗುವದು. ಊರೆಲ್ಲಾ ಸೇರಿದ, ದಿನಗಟ್ಟಲೆ ನಡೆಯುವ ಮದುವೆ ಅದು. ಆದರೂ ಒಂದು ಭೇದವನ್ನು ಮರೆಯಬಾರದು. ಆ ಕಾಲದ ಜನರು ದ್ರಾಕ್ಷಾರಸಕ್ಕೆ ನೀರು ಬೆರಸಿ ಕುಡಿಯುವದು ಸಾಮಾನ್ಯ ಪದ್ಧತಿಯಾಗಿತ್ತು. ಭಟ್ಟಿ ಇಳಿಸಿ ಸಾರವನ್ನು ಬೇರ್ಪಡಿಸುವ ಮದ್ಯವು ಅವರ ಊಟದ ಪಂಕ್ತಿಗೆ ಬಂದಿರಲೇ ಇಲ್ಲ. ಅದು ಎಷ್ಟೋ ಶತಮಾನಗಳ ನಂತರ ಹಬ್ಬಿದ ವಿದ್ಯೆ. ಈ ಸಂಗತಿಗೆ ಮುಂದೆ ಪುನಃ ಬರುತ್ತೇವೆ.

ಹಾಗಾದರೆ ಶಾಸ್ತ್ರವು ಕುಡಿತವನ್ನು ಒಪ್ಪುತ್ತದೆಯೇ? ಶಾಸ್ತ್ರವು ಈ ವಿಷಯದಲ್ಲಿ ಎರಡು ಸ್ವರಗಳಲ್ಲಿ ಮಾತಾಡುತ್ತದೆಂದು ಒಪ್ಪಿಕೊಳ್ಳುವದೇ ಪ್ರಾಮಾಣಿಕತನ. 104ನೆಯ ಕೀರ್ತನೆಯಲ್ಲಿ ದ್ರಾಕ್ಷಾರಸವು ರೊಟ್ಟಿ ಎಣ್ಣೆಗಳ ಸಾಲಿನಲ್ಲಿಯೇ ದೇವರ ದಾನವಾಗಿ ಕಾಣುತ್ತದೆ. ಸಮಾರ್ಯದವನು ಗಾಯಪಟ್ಟವನಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟುತ್ತಾನೆ. ಇನ್ನೊಂದು ಕಡೆಗೆ ಲೋಟನ ಗವಿಯ ಹೇಯ ಕಥೆಯುಂಟು. ಬೆಳಗ್ಗೆ ಎದ್ದು ಮದ್ಯವನ್ನು ಹುಡುಕುವವರ ಮೇಲೆ ಯೆಶಾಯನು ನುಡಿದ ಶಾಪವುಂಟು. ಜ್ಞಾನೋಕ್ತಿಗಳ 23ನೆಯ ಅಧ್ಯಾಯದಲ್ಲಿ ಕುಡುಕನ ಕೆಂಪು ಕಣ್ಣು, ಕಾರಣವಿಲ್ಲದ ಗಾಯ, ಎಚ್ಚರವಾದೊಡನೆ ಪುನಃ ಬೇಕೆನ್ನುವ ಚಪಲ ಇವುಗಳ ವರ್ಣನೆಯುಂಟು. ಈ ಕೊನೆಯದನ್ನು ಯಾವ ವೈದ್ಯಶಾಸ್ತ್ರದ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಬರೆದದ್ದನ್ನು ನಾವು ಕಾಣೆವು. ಆಮೋಸನು ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸುತ್ತಾನೆ: ಬಡವರಿಂದ ದಂಡವಾಗಿ ಕಿತ್ತ ಹಣದಿಂದ ಕೊಂಡ ದ್ರಾಕ್ಷಾರಸವನ್ನು ದೇವಾಲಯದಲ್ಲಿಯೇ ಕುಡಿಯುವವರು ಇದ್ದರಂತೆ. ಅವನ ಕೋಪವು ಪಾನಕ್ಕಿಂತಲೂ ಹೆಚ್ಚಾಗಿ ಆ ಹಣದ ಮೂಲದ ಮೇಲೆ.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದದರಿಂದ ಸತ್ಯವೇದದ ಕೆಲವು ಸ್ತ್ರೀಯರ ಬಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನಮಗೆ ತೋರುತ್ತದೆ. ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗುಣವತಿಯಾದ ಸತಿಯ ವರ್ಣನೆಯನ್ನು ಮಿಶನ್ ಶಾಲೆಗಳಲ್ಲಿ ಕಲಿತವರಲ್ಲಿ ಬಾಯಿಪಾಠ ಮಾಡದವರು ಯಾರು? ಆದರೆ ಅದೇ ಅಧ್ಯಾಯದ ಮೊದಲಿನ ಒಂಬತ್ತು ವಚನಗಳನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಅವು ಒಬ್ಬ ತಾಯಿಯು ತನ್ನ ಮಗನಾದ ಲೆಮೂವೇಲ ಅರಸನಿಗೆ ಮಾಡಿದ ಬೋಧೆ. ಅರಸನು ಕುಡಿದರೆ ನ್ಯಾಯವನ್ನು ಮರೆತು ಬಡವರ ವ್ಯಾಜ್ಯವನ್ನು ಕೆಡಿಸುವನೆಂದು ಆಕೆ ಎಚ್ಚರಿಸುತ್ತಾಳೆ. ಮಗಳಿಗೆ ಗುಣವತಿಯಾಗೆಂದು ಕಲಿಸುವದಕ್ಕೆ ಮೊದಲು ಮಗನಿಗೆ ಕುಡಿಯಬೇಡವೆಂದು ಕಲಿಸಿದ ತಾಯಿ ಆಕೆ. ನಮ್ಮ ಪಾಲಕರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ. ಮತ್ತೂ ಒಂದು ವಿಶೇಷವೇನಂದರೆ ಅಧ್ಯಾಯದ ಉತ್ತರಾರ್ಧದ ಗುಣವತಿಯು ತನ್ನ ಸಂಪಾದನೆಯಿಂದ ದ್ರಾಕ್ಷೇತೋಟವನ್ನು ನೆಡಿಸುತ್ತಾಳೆ. ಇದರಿಂದ ಗ್ರಂಥಕರ್ತನಿಗೆ ಏನೂ ಸಂಕೋಚವಾಗಲಿಲ್ಲ.

ಹನ್ನಳು ಶೀಲೋವಿನ ದೇವಾಲಯದಲ್ಲಿ ತುಟಿಯಾಡಿಸುತ್ತಾ ಮೌನವಾಗಿ ಪ್ರಾರ್ಥಿಸಿದಾಗ ಯಾಜಕನಾದ ಏಲಿಯು ಆಕೆಯನ್ನು ಕುಡಿದವಳೆಂದು ಬಗೆದು ಗದರಿಸಿದನು. ಅವನ ಸ್ವಂತ ಮಕ್ಕಳಾದ ಹೊಫ್ನಿ ಫೀನೆಹಾಸರು ಅದೇ ಆಲಯದಲ್ಲಿ ದುರ್ನಡತೆಯಿಂದ ನಡೆಯುತ್ತಿದ್ದರೂ ಅವರನ್ನು ತಡೆಯಲು ಅವನಿಂದಾಗಲಿಲ್ಲ. ಮಾನೋಹನ ಹೆಂಡತಿಗೆ, ಅಂದರೆ ಸಂಸೋನನ ತಾಯಿಗೆ, ಗರ್ಭಿಣಿಯಾಗಿರುವಾಗ ದ್ರಾಕ್ಷಾರಸವನ್ನಾಗಲಿ ಮದ್ಯವನ್ನಾಗಲಿ ಮುಟ್ಟಬಾರದೆಂದು ದೇವದೂತನ ಅಪ್ಪಣೆಯಾಯಿತು. ಅದು ನಾಜೀರ ವ್ರತದ ನಿಯಮವೆಂಬದು ನಿಜ. ಆದರೂ ತಾಯಿ ಕುಡಿದದ್ದು ಗರ್ಭದ ಶಿಶುವಿನ ಮಿದುಳಿಗೂ ಮುಖಲಕ್ಷಣಕ್ಕೂ ಶಾಶ್ವತವಾದ ಹಾನಿಯನ್ನುಂಟುಮಾಡುವದೆಂದು ವೈದ್ಯರು 1973ರಲ್ಲಿ ಆ ರೋಗಕ್ಕೆ ಹೆಸರಿಟ್ಟು ಪ್ರಕಟಿಸಿದ್ದನ್ನು ಓದಿದವರಿಗೆ ಆ ಅಧ್ಯಾಯವು ಹೊಸದಾಗಿ ಕಾಣದೆ ಇರದು.

ಅಬೀಗೈಲಳ ಕಥೆಯೇ ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಆಕೆಯ ಗಂಡನಾದ ನಾಬಾಲನು ಕುರಿಗಳ ಉಣ್ಣೆ ಕತ್ತರಿಸುವ ಹಬ್ಬದಲ್ಲಿ ರಾಜನಂತೆ ಔತಣ ಮಾಡಿ ಕುಡಿದು ಮತ್ತನಾಗಿದ್ದನು. ಅದೇ ದಿನ ಅವನ ಒರಟು ಮಾತಿನ ದೆಸೆಯಿಂದ ದಾವೀದನು ನಾನೂರು ಮಂದಿಯನ್ನು ಕೂಡಿಕೊಂಡು ಅವನ ಮನೆತನವನ್ನೇ ನಿರ್ಮೂಲ ಮಾಡಲು ಹೊರಟಿದ್ದನು. ಅಬೀಗೈಲಳು ಇನ್ನೂರು ರೊಟ್ಟಿಗಳನ್ನೂ ಎರಡು ತಿತ್ತಿ ದ್ರಾಕ್ಷಾರಸವನ್ನೂ ಕುರಿಗಳನ್ನೂ ಹುರಿದ ಕಾಳನ್ನೂ ಒಣದ್ರಾಕ್ಷಿಯ ನೂರು ಗೊಂಚಲುಗಳನ್ನೂ ಕತ್ತೆಗಳ ಮೇಲೆ ಹೇರಿಸಿ, ಗಂಡನಿಗೆ ತಿಳಿಸದೆ ಎದುರಾಗಿ ಹೋಗಿ, ರಕ್ತಪಾತವನ್ನು ತಪ್ಪಿಸಿದಳು. ಮನೆಗೆ ಬಂದಾಗ ಗಂಡನ ಸ್ಥಿತಿಯನ್ನು ನೋಡಿ ಆ ರಾತ್ರಿ ಒಂದು ಮಾತನ್ನೂ ಆಡಲಿಲ್ಲ. ಅಮಲು ಇಳಿದ ಮೇಲೆ ಮುಂಜಾನೆ ಎಲ್ಲವನ್ನೂ ತಿಳಿಸಿದಳು. ಯಾವ ಮಾತನ್ನು ಯಾವ ಹೊತ್ತಿಗೆ ಆಡಬಾರದೆಂಬ ಈ ವಿದ್ಯೆಯನ್ನು ನಮ್ಮ ಸೀಮೆಯ ಎಷ್ಟು ಮಂದಿ ಹೆಂಗಸರು ಯಾವ ಶಾಲೆಯಲ್ಲಿಯೂ ಕಲಿಯದೆ ಬಲ್ಲರು! ಅವರು ಅದನ್ನು ಕಲಿಯಬೇಕಾಗಿ ಬಂದದ್ದೇ ದುಃಖದ ಸಂಗತಿ. ಬೋಧಕರು ಅಬೀಗೈಲಳ ತಾಳ್ಮೆಯನ್ನು ಹೊಗಳುವಾಗ, ಆಕೆಯು ಗಂಡನನ್ನು ಮೂರ್ಖನೆಂದು ದಾವೀದನ ಮುಂದೆ ಸ್ಪಷ್ಟವಾಗಿ ಹೇಳಿದ್ದನ್ನೂ ಮನೆಯನ್ನು ಉಳಿಸಲು ಅವನ ಅಪ್ಪಣೆಗೆ ಕಾಯದೆ ಹೊರಟದ್ದನ್ನೂ ಬಿಟ್ಟುಬಿಡುವದು ನಮಗೆ ಸರಿಯಾಗಿ ಕಾಣುವದಿಲ್ಲ.

ಶಾಸ್ತ್ರದಲ್ಲಿ ಪೂರ್ತಿಯಾಗಿ ಪಾನವನ್ನು ಬಿಟ್ಟವರೂ ಇದ್ದಾರೆ. ನಾಜೀರರು, ದೇವದರ್ಶನದ ಗುಡಾರಕ್ಕೆ ಹೋಗುವಾಗ ಯಾಜಕರು, ರೇಕಾಬ್ಯರು, ಸ್ನಾನಿಕನಾದ ಯೋಹಾನನು. ಯೆರೆಮೀಯನು ರೇಕಾಬ್ಯರನ್ನು ಕೊಂಡಾಡಿದ್ದು ಅವರು ಪಿತೃವಿನ ಮಾತಿಗೆ ನಿಂತದ್ದಕ್ಕಾಗಿ. ಆದರೂ ಇಂಗ್ಲಂಡಿನಲ್ಲಿ 1835ರಲ್ಲಿ ಮದ್ಯವರ್ಜನೆಯ ಸಂಘವೊಂದು ಅವರ ಹೆಸರನ್ನೇ ಇಟ್ಟುಕೊಂಡಿತು. ಕರ್ತನು ಮಾತ್ರ ಯೋಹಾನನ ಹಾಗೆ ವ್ರತಸ್ಥನಾಗಿರಲಿಲ್ಲ. ಯೋಹಾನನು ಕುಡಿಯದೆ ಬಂದಾಗ ದೆವ್ವ ಹಿಡಿದವನೆಂದರು. ತಾನು ಉಣ್ಣುತ್ತಾ ಕುಡಿಯುತ್ತಾ ಬಂದಾಗ ಹೊಟ್ಟೆಬಾಕನೆಂದರು, ಎಂದು ಆತನೇ ಆ ಜನರ ಬಾಯಿಯ ಸ್ವಭಾವವನ್ನು ತೋರಿಸಿದ್ದಾನೆ. ಆದದರಿಂದ ಕುಡಿಯದವನೇ ಕ್ರೈಸ್ತನು ಎಂಬ ಸೂತ್ರವು ಸುವಾರ್ತೆಯಿಂದ ಹೊರಡುವದಿಲ್ಲ.

ಆದರೂ ನಾವು ಈ ನಾಡಿನ ಕ್ರೈಸ್ತರಿಗೆ ಮದ್ಯವರ್ಜನೆಯೇ ತಕ್ಕದ್ದೆಂದು ಹೇಳುತ್ತೇವೆ. ನಮ್ಮ ಆಧಾರವು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯ. ಅಲ್ಲಿ ಪೌಲನು ಮಾಂಸವೂ ದ್ರಾಕ್ಷಾರಸವೂ ಸ್ವತಃ ಅಶುದ್ಧವೆಂದು ಹೇಳುವದಿಲ್ಲ. ಯಾವದರಿಂದ ತನ್ನ ಸಹೋದರನು ಎಡವಿ ಬೀಳುವನೋ ಅದನ್ನು ಬಿಡುವದು ಒಳ್ಳೇದೆಂದು ಹೇಳುತ್ತಾನೆ. ಅಂದರೆ ಪ್ರಶ್ನೆಯು ಪಾನದ ಗುಣದ ಮೇಲಲ್ಲ, ನೆರೆಯವನ ಸ್ಥಿತಿಯ ಮೇಲೆ ನಿಂತಿದೆ. ಯಾರ ನೆರೆಯಲ್ಲಿ ನಾವು ವಾಸಿಸುತ್ತೇವೆ? ಯಾವ ಪಾನವನ್ನು ಇಲ್ಲಿ ಕುಡಿಯುತ್ತಾರೆ? ಇವೆರಡನ್ನು ವಿಚಾರಿಸದೆ ಕಾನಾದ ಮಾತನ್ನೆತ್ತುವದು ವ್ಯರ್ಥ.

ಬಾಸೆಲ್ ಮಿಶನ್ನಿನ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವುಂಟು. 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1851ರಲ್ಲಿ ಗುಳೇದಗುಡ್ಡದಲ್ಲಿಯೂ ಠಾಣ್ಯ ಹೂಡಿದ ಆ ಪಾದ್ರಿಗಳಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಗುಡ್ಡಗಳ ಇಳಿಜಾರಿನಲ್ಲೆಲ್ಲಾ ದ್ರಾಕ್ಷೇತೋಟಗಳೇ. ದ್ರಾಕ್ಷಾರಸವನ್ನು ಊಟದ ಮೇಜಿನ ಮೇಲೆ ಕಂಡು ಬೆಳೆದವರು ಅವರು. ಆದರೂ ತುಳುನಾಡಿನಲ್ಲಿ ಬಿಲ್ಲವರು ಸಭೆಗೆ ಸೇರಹತ್ತಿದಾಗ, ಅಮಲಿಗಾಗಿ ಕಳ್ಳು ಇಳಿಸುವ ಕಸುಬನ್ನು ಬಿಡಬೇಕೆಂದು ಕಟ್ಟಳೆಮಾಡಿದರು. ಆ ಬಡವರಿಗೆ ಇದರ ಅರ್ಥವೇನು? ಗೇಣಿಗೆ ಹಿಡಿದ ತೆಂಗಿನ ತಾಳೆಯ ಮರಗಳು ಹೋದವು, ಒಡೆಯನ ಆಶ್ರಯವು ಹೋಯಿತು, ನಂಟರ ಮನೆಯ ಬಾಗಿಲು ಮುಚ್ಚಿತು. ಬರಿಯ ಪ್ರಸಂಗ ಮಾಡಿ ಸುಮ್ಮನಿದ್ದಿದ್ದರೆ ಆ ಕಟ್ಟಳೆಯು ಕ್ರೂರವಾಗುತ್ತಿತ್ತು. ಮಿಶನ್ನಿನವರು ಕೆಲಸವನ್ನೂ ಒದಗಿಸಿದರು. 1851ರಲ್ಲಿ ಹಾಲರ್ ಎಂಬವರ ಕೈಕೆಳಗೆ ನೇಯ್ಗೆಯ ಶಾಲೆಯು ಬಲಗೊಂಡಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಈ ಉದ್ಯೋಗಗಳಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಮರವಿಳಿದವನ ಕೈಗೆ ಮಗ್ಗವನ್ನೂ ಮಣ್ಣನ್ನೂ ಕೊಡಬೇಕಾದದ್ದು ಮುಖ್ಯವಾದೊಂದು ಕಾರಣವಾಗಿತ್ತು. ಇಂದು ಶೆರೆ ಅಂಗಡಿಯನ್ನು ಮುಚ್ಚಿಸಿರೆಂದು ಕೂಗುವವರಲ್ಲಿ, ಅದರಿಂದ ಹೊಟ್ಟೆ ಹೊರೆಯುವವನಿಗೆ ಬದಲಿ ಕೆಲಸವೇನೆಂದು ಕೇಳುವವರು ವಿರಳ.

ಇದು ಕ್ರೈಸ್ತರ ಸ್ವತ್ತಾದ ವಿಚಾರವೆಂದೂ ಭಾವಿಸಬಾರದು. ನಮ್ಮ ನೆರೆಯ ಕೂಡಲಸಂಗಮದ ಕೀರ್ತಿಗೆ ಕಾರಣರಾದ ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನು ಹೆಂಡ ಮಾರುವ ಕಾಯಕದವನೇ ಆಗಿದ್ದು, ತನ್ನ ಕಸುಬಿನ ಮಾತುಗಳಿಂದಲೇ ಬೇರೊಂದು ಅಮಲಿನ ವಿಚಾರವನ್ನು ವಚನಗಳಲ್ಲಿ ಹೇಳಿದನು. ಬ್ರಿಟಿಷರ ಕಾಲದಲ್ಲಿ 1878ರ ಮುಂಬಯಿ ಅಬಕಾರಿ ಕಾಯಿದೆಯಿಂದ ಸಿಂದಿ ಶೆರೆಗಳು ಸರಕಾರದ ಬೊಕ್ಕಸಕ್ಕೆ ಭದ್ರವಾದ ಉತ್ಪನ್ನವಾದವು. ಧಾರವಾಡದಲ್ಲಿ 1921ನೆಯ ಜುಲೈ 1ರಂದು ಮದ್ಯದ ಅಂಗಡಿಯ ಮುಂದೆ ನಿರೋಧ ನಡೆದಾಗ ಗೋಳೀಬಾರಾಗಿ ಮೂವರು ಸತ್ತರು, ಮೂವರೂ ಮುಸಲ್ಮಾನರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಕ್ರೈಸ್ತ ಸ್ತ್ರೀಯರಲ್ಲಿ, ನಮ್ಮ ಕರ್ನಾಟಕದ ಘಟ್ಟದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಅಮೇರಿಕೆಯಲ್ಲಿ ಸಂಚರಿಸಿದಾಗ ಅಲ್ಲಿಯ ಕ್ರೈಸ್ತ ಸ್ತ್ರೀಯರ ಮದ್ಯವಿರೋಧ ಸಂಘದವರೊಡನೆ ಕೂಡಿ ಕೆಲಸಮಾಡಿದರು. ಆ ಸಂಘವು 1874ರಲ್ಲಿ ಹುಟ್ಟಿತ್ತು. ಕುಡಿತದ ಮಾತಿನಿಂದ ಆರಂಭಿಸಿ ಸ್ತ್ರೀಯರ ಮತದಾನದ ಹಕ್ಕಿನ ವರೆಗೆ ನಡೆದುಹೋಯಿತು. ಮನೆಯ ದುಃಖವನ್ನು ಊರ ಮುಂದೆ ಹೇಳಲು ಕಲಿತವರು ಮತ್ತೆ ಸುಮ್ಮನಿರುವದುಂಟೇ?

ಕಾನೂನಿನ ಕಥೆಯನ್ನು ಬೇಗ ಮುಗಿಸುತ್ತೇವೆ. ಜಮಖಂಡಿ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರ ಮುಂಬಯಿ ಪಾನನಿರೋಧ ಕಾಯಿದೆಯು ಈ ಸೀಮೆಗೆಲ್ಲಾ ಬಂತು. ಆ ಕಾಯಿದೆಯಲ್ಲಿಯೂ ಸಂಸ್ಕಾರದ ದ್ರಾಕ್ಷಾರಸಕ್ಕೆ ಪರವಾನಗಿಯಿತ್ತು. ಸಂವಿಧಾನದ 47ನೆಯ ಕಲಮಿನಲ್ಲಿ ಪಾನನಿರೋಧವು ರಾಜ್ಯದ ಧ್ಯೇಯವೆಂದು ಬರೆಯಲ್ಪಟ್ಟಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1960ರ ದಶಕ ಮುಗಿಯುವದರೊಳಗೆ ನಿರೋಧವು ಸಡಿಲಾಗಿ ಅಂಗಡಿಗಳು ತೆರೆದವು. 2007ನೆಯ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಮರುವರುಷದ ಮೇ ತಿಂಗಳಲ್ಲಿ ಕಳ್ಳಭಟ್ಟಿಯ ವಿಷಮದ್ಯವನ್ನು ಕುಡಿದು ಕರ್ನಾಟಕ ತಮಿಳುನಾಡುಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಸಾರಾಯಿ ನಿಂತ ಅದೇ 2007ರಲ್ಲಿ ದ್ರಾಕ್ಷಿ ಬೆಳೆಗಾರರ ಹಿತಕ್ಕಾಗಿ ರಾಜ್ಯದ ವೈನ್ ನೀತಿಯೂ ಹೊರಟಿತು. ಬಡವನ ಶೀಶೆಯನ್ನು ಕಸಿದು ಸಿರಿವಂತನ ಶೀಶೆಗೆ ಆದರ ಮಾಡಿದಂತಾಯಿತೆಂದು ಹಲವರು ಆಡಿಕೊಂಡರೆ ಅದರಲ್ಲಿ ಆಶ್ಚರ್ಯವೇನು? ಈಗ ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ವರುಷಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿ ಬರುತ್ತದೆ. ನೆರೆಯವನಿಗೆ ಕುಡಿಸುವವನ ವಿಷಯದಲ್ಲಿ ಹಬಕ್ಕೂಕನು ಆಡಿದ ಕಠಿಣ ವಾಕ್ಯವು ಅಂಗಡಿಕಾರನೊಬ್ಬನಿಗೇ ಸೇರಿದ್ದೆಂದು ನಮಗೆ ತೋರುವದಿಲ್ಲ.

ಈಗ ಕಾನಾದ ಪಾನಕ್ಕೂ ನಮ್ಮ ಊರಿನ ಪಾನಕ್ಕೂ ಇರುವ ಭೇದಕ್ಕೆ ಬರೋಣ. ದ್ರಾಕ್ಷೆಯು ನಮ್ಮ ಸೀಮೆಗೆ ಅಪರಿಚಿತವಲ್ಲ. ವಿಜಯಪುರ ಜಿಲ್ಲೆಯು ದ್ರಾಕ್ಷೆಗೆ ಹೆಸರಾಗಿದೆ; ಅಲ್ಲಿ ಬೆಳೆದದ್ದರಲ್ಲಿ ಬಹುಭಾಗವು ಒಣದ್ರಾಕ್ಷಿಯಾಗಿ ಪೇಟೆಗೆ ಹೋಗುವದು. ಆದರೆ ಘಟಪ್ರಭೆಯ ಎರಡೂ ದಂಡೆಗಳಲ್ಲಿ, ಅನಗವಾಡಿಯ ಸೇತುವೆಯಿಂದ ಮುಧೋಳದ ವರೆಗೆ, ಕಣ್ಣಿಗೆ ಕಾಣುವದು ಕಬ್ಬು. ಕಬ್ಬಿನ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಸಿ ಭಟ್ಟಿಯಿಳಿಸಿದರೆ ಮದ್ಯಸಾರ. ಅದಕ್ಕೆ ಬಣ್ಣವನ್ನೂ ವಾಸನೆಯನ್ನೂ ಸೇರಿಸಿ ವಿಸ್ಕಿ, ರಮ್ಮು, ಬ್ರಾಂದಿ ಎಂದು ಶೀಶೆಗಳಲ್ಲಿ ತುಂಬುವರು. ಇಂಥ ಶೀಶೆಯಲ್ಲಿ ಮದ್ಯಸಾರದ ಅಂಶವು ಸಾಮಾನ್ಯವಾಗಿ ಶೇಕಡ 42.8. ತಾನಾಗಿ ಹುಳಿದ ದ್ರಾಕ್ಷಾರಸದಲ್ಲಿ ಇದು ಸಾಮಾನ್ಯವಾಗಿ ಶೇಕಡ 12 ಅಥವಾ 13. ಅದಕ್ಕೆ ನೀರು ಬೆರಸಿದರೆ ಇನ್ನೂ ಕಡಿಮೆ. ನಮ್ಮ ಹಿರಿಯರ ಸಿಂದಿಯಲ್ಲಿ ಸುಮಾರು ಶೇಕಡ 5. ಊರವರೆಲ್ಲಾ ಒಂದೇ ಪಂಕ್ತಿಯಲ್ಲಿ ಕುಳಿತು, ಹೆಂಗಸರೂ ಮಕ್ಕಳೂ ಇರುವ ಕಡೆಯಲ್ಲಿ, ಊಟದ ಸಂಗಡ ಕುಡಿದದ್ದಕ್ಕೂ, ದುಡಿದ ಕೂಲಿಯನ್ನು ಹಿಡಿದು ಹೆದ್ದಾರಿಯ ಬದಿಯ ಅಂಗಡಿಯ ಕಟ್ಟೆಯ ಮೇಲೆ ಖಾಲಿ ಹೊಟ್ಟೆಯಲ್ಲಿ ಗುಟುಕರಿಸುವದಕ್ಕೂ ಒಂದೇ ಹೆಸರು ಕೊಡುವವನು ಶಾಸ್ತ್ರವನ್ನಾಗಲಿ ಲೋಕವನ್ನಾಗಲಿ ಬಲ್ಲವನಲ್ಲ. ಮಿತವಾಗಿ ಕುಡಿದರೆ ಒಳ್ಳೆಯದೆಂಬ ಹಳೆಯ ಮಾತಿಗೂ ಈಗ ಆಧಾರ ಕುಗ್ಗಿದೆ. ಮದ್ಯಸಾರವು ಅರ್ಬುದರೋಗವನ್ನು ತರತಕ್ಕದ್ದೆಂದು 1988ರಲ್ಲಿಯೇ ನಿರ್ಣಯವಾಗಿತ್ತು, ಹಾನಿಯಿಲ್ಲದ ಪ್ರಮಾಣವೆಂಬದು ಯಾವದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2023ರ ಜನವರಿಯಲ್ಲಿ ಸಾರಿದರು. ತಿಮೊಥೆಯನಿಗೆ ಹೇಳಿದ ಔಷಧವನ್ನು ತಾವೂ ತಕ್ಕೊಳ್ಳುತ್ತೇವೆನ್ನುವವರು ಈಗ ಬೇರೆ ಔಷಧಗಳು ಪೇಟೆಯಲ್ಲಿ ದೊರೆಯುತ್ತವೆಂಬದನ್ನು ನೆನೆಯಬೇಕು.

ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರು ಮನೆಯಲ್ಲಿ ಕೊಡಬೇಕಾದ ಉತ್ತರವು ಹೀಗಿರಲಿ: ಕರ್ತನು ಮಾಡಿದ್ದು ನಿಜವಾದ ದ್ರಾಕ್ಷಾರಸವೇ, ಆತನು ಅದನ್ನು ಮಾಡಿದ್ದು ಮದುವೆಯ ಮನೆಯವರ ಮಾನವನ್ನು ಕಾಯಲಿಕ್ಕೆ, ನೀವು ಕುಡಿಯುವದು ಮನೆಯ ಮಾನವನ್ನು ಕಳೆಯಲಿಕ್ಕೆ. ಈ ಮಾತಿನಿಂದ ಎಲ್ಲ ಗಂಡಸರೂ ಮರುದಿನವೇ ಕುಡಿತ ಬಿಡುವರೆಂದು ನಾವು ಹೇಳುವದಿಲ್ಲ. ಚಟವು ಬೇರೂರಿದವನಿಗೆ ವಾದವೂ ಬೈಗುಳವೂ ಸಾಲವು, ಅದು ರೋಗವಾಗಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಅದಕ್ಕೆ ಚಿಕಿತ್ಸೆಯುಂಟು. ವೈದ್ಯರ ಬಳಿಗೆ ಕರಕೊಂಡು ಹೋಗುವದನ್ನು ನಂಬಿಕೆಯ ಕೊರತೆಯೆಂದು ಯಾರಾದರೂ ಹೇಳಿದರೆ ಅವರ ಮಾತನ್ನು ಕೇಳಬೇಡಿರಿ.

ಸಭೆಯ ಹಿರಿಯರಿಗೂ ಎರಡು ಮಾತು. ಸಿಂದಿ ಕುಡಿದ ಕೂಲಿಕಾರನ ಹೆಸರನ್ನು ಸಭೆಯ ಮುಂದೆ ಎತ್ತುವದೂ, ಬಂಗಲೆಯಲ್ಲಿ ಸ್ನೇಹಿತರಿಗೆ ವಿಸ್ಕಿ ಹೊಯ್ಯುವ ಗೃಹಸ್ಥನನ್ನು ಕಾಣಿಕೆಯ ಲೆಕ್ಕ ನೋಡಿ ಬಿಟ್ಟುಬಿಡುವದೂ ಶಿಸ್ತಲ್ಲ. ಕೊರಿಂಥದವರ ದೋಷವು ಇದೇ ಆಗಿತ್ತು. ಅಲ್ಲಿ ಹಸಿದವನು ಬಡವನು, ಕುಡಿದವನು ಉಳ್ಳವನು. ಪಾಲಕರಾದರೋ ಹೆಣ್ಣು ಕೊಡುವಾಗ ಗಂಡಿನ ನೌಕರಿಯನ್ನೂ ಹೊಲವನ್ನೂ ವಿಚಾರಿಸುವಷ್ಟು ಶ್ರದ್ಧೆಯಿಂದ ಅವನ ಸಾಯಂಕಾಲಗಳನ್ನು ವಿಚಾರಿಸುವದಿಲ್ಲ. “ಮದುವೆಯಾದ ಮೇಲೆ ಸರಿಹೋಗುತ್ತಾನೆ” ಎಂಬ ಮಾತನ್ನು ನಂಬಿ ಕೊಟ್ಟ ಹೆಣ್ಣುಮಕ್ಕಳಲ್ಲಿ ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತವರೂ ಇದ್ದಾರೆ. ಒಬ್ಬ ಮನುಷ್ಯನನ್ನು ತಿದ್ದುವ ಭಾರವನ್ನು ಇಪ್ಪತ್ತು ವರುಷದ ಹುಡುಗಿಯ ತಲೆಯ ಮೇಲೆ ಹೊರಿಸುವದು ಯಾವ ಶಾಸ್ತ್ರದಲ್ಲಿ ಹೇಳಿದೆ?

ಕರ್ತನ ಭೋಜನದ ಪಾತ್ರೆಯ ವಿಷಯವೊಂದು ಉಳಿಯಿತು. ಕಥೋಲಿಕರ ನಿಯಮದಲ್ಲಿ ಅದು ದ್ರಾಕ್ಷೆಯಿಂದಾದ ಸಹಜವಾದ ದ್ರಾಕ್ಷಾರಸವೇ ಆಗಿರತಕ್ಕದ್ದು. ಅವರ ನಿಷ್ಠೆಯನ್ನು ನಾವು ಗೌರವಿಸುತ್ತೇವೆ. ನಮ್ಮ ಸಭೆಗಳಲ್ಲಿ ಕುಡಿತವನ್ನು ಕಷ್ಟಪಟ್ಟು ಬಿಟ್ಟು ಬಂದವರು ಪ್ರತಿ ಸಭೆಯಲ್ಲಿಯೂ ಇರುವದರಿಂದ, ಅವರ ತುಟಿಗೆ ಪುನಃ ಆ ರುಚಿಯನ್ನು ಹಚ್ಚುವದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ. ಇದಕ್ಕೆ ಪರದೇಶದ ಶೀಶೆಯೂ ಬೇಡ. ಮಲಬಾರಿನ ಹಳೆಯ ಕ್ರೈಸ್ತರು ದ್ರಾಕ್ಷೆ ದೊರೆಯದ ಕಾಲದಲ್ಲಿ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಸಿ ಹಿಂಡಿ ಪಾತ್ರೆಗೆ ಉಪಯೋಗಿಸಿದರು. ವಿಜಯಪುರದ ಒಣದ್ರಾಕ್ಷಿಯು ನಮ್ಮ ಯಾವ ಸಂತೆಯಲ್ಲಿಯೂ ಸಿಕ್ಕುವದು. ಶನಿವಾರ ಮಧ್ಯಾಹ್ನ ಅದನ್ನು ಚೆನ್ನಾಗಿ ತೊಳೆದು, ಮುಳುಗುವಷ್ಟು ನೀರು ಹಾಕಿ, ಹಣ್ಣು ಉಬ್ಬುವ ವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಕಿವುಚಿ, ಶುಭ್ರವಾದ ಅರಿವೆಯಲ್ಲಿ ಸೋಸಿ, ಸೋಸಿದ ರಸವನ್ನು ಮತ್ತೊಂದು ಸಾರಿ ಕುದಿ ಬರಿಸಿ ಮುಚ್ಚಿಡಬೇಕು. ಆದಿತ್ಯವಾರದ ಬೆಳಗಿನ ಆರಾಧನೆಗೆ ಅದು ತಣ್ಣಗಾಗಿ ಕೆಂಗಂದು ಬಣ್ಣಕ್ಕೆ ಬಂದಿರುತ್ತದೆ. ಉಳಿದದ್ದನ್ನು ಮರುದಿನಕ್ಕೆ ಇಡಬಾರದು.